ಮೊಳೆ ಹೊಡೆಯದ ಗೋಡೆ

ಪವನ್ ಮೊಳೆಯ ತುದಿಯನ್ನು ಗೋಡೆಗೆ ಒತ್ತಿ ಹಿಡಿದು ಸುತ್ತಿಗೆ ಎತ್ತಿದ್ದ. ಇನ್ನೇನು ಏಟು ಬೀಳಬೇಕು, ಅಷ್ಟರಲ್ಲಿ ಮೂಲೆಯಲ್ಲಿ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದ ನೀಲಗಂಗವ್ವ ತಲೆಯೆತ್ತಿದಳು.

"ಪವನ್, ತೆಗಿ ಆ ಮೊಳಿ. ಈ ಗ್ವಾಡಿಗೆ ಮೊಳಿ ಹೊಡಿಯಂಗಿಲ್ಲ."

ಬೆಳಗಿನಿಂದ ಅವಳ ಬಾಯಿಂದ ಹೊರಟ ಮೊದಲ ಮಾತು ಅದು. ಅಳುತ್ತಿದ್ದವರು ಅಳು ನಿಲ್ಲಿಸಿ ಅವಳ ಕಡೆ ನೋಡಿದರು. ಗಂಡ ಕಣ್ಣು ಮುಚ್ಚಿ ಇನ್ನೂ ಬಿಸಿಲು ಸರಿಯಾಗಿ ಏರಿಲ್ಲ, ಈ ಮುದುಕಿಗೆ ಗೋಡೆಯ ಚಿಂತೆಯೇ ಎಂದು ಒಬ್ಬಿಬ್ಬರಿಗೆ ಅನ್ನಿಸಿದ್ದೂ ಸುಳ್ಳಲ್ಲ. ಪವನ್ ಸುತ್ತಿಗೆಯನ್ನು ಕೆಳಗಿಳಿಸಿದ. ಮೊಳೆಯನ್ನು ಮಾತ್ರ ಕೈಯಿಂದ ಬಿಡಲಿಲ್ಲ.

ಮೊಳೆ ಬೇಕಾಗಿದ್ದುದು ಕಲ್ಲಯ್ಯನಿಗಾಗಿ. ಬಸ್ ಡ್ರೈವರ್ ಆಗಿದ್ದು ನಿವೃತ್ತನಾದ ಕಲ್ಲಯ್ಯ ಬೆಳಗಿನ ಜಾವ ಹಾಸಿಗೆಯಲ್ಲೇ, ಯಾರನ್ನೂ ಎಬ್ಬಿಸದೆ ಹೊರಟುಹೋಗಿದ್ದ. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಮೈ ಸೆಟೆಯುವ ಮೊದಲೇ ಪದ್ಮಾಸನ ಹಾಕಿಸಿ, ಬೆನ್ನನ್ನು ಗೋಡೆಗೆ ಆನಿಸಿ, ತಲೆಯ ಮೇಲ್ಗಡೆ ಗೋಡೆಗೊಂದು ಮೊಳೆ ಹೊಡೆದು, ಬಿಳಿ ಬಟ್ಟೆಯಿಂದ ಗದ್ದ, ಎದೆ ಸುತ್ತಿ ಆ ಮೊಳೆಗೆ ಕಟ್ಟುತ್ತಾರೆ. ಹಾಗೆ ಕಟ್ಟಿದರೆ ಮಣ್ಣಿಗೆ ಒಯ್ಯುವ ತನಕ ಮನುಷ್ಯ ನೆಟ್ಟಗೆ ಕೂತಿರುತ್ತಾನೆ. ಬಂದವರು ಮುಖ ನೋಡಿ, ಪಾದ ಮುಟ್ಟಿ, ಹೂವು ಹಾಕಿ ಹೋಗುತ್ತಾರೆ.

ಮೊಳೆ ಬೀಳುವ ತನಕ ಎಂದು ಇಬ್ಬರು ಅವನನ್ನು ಅತ್ತಿತ್ತ ಹಿಡಿದು ಕೂತಿದ್ದರು. ಎಡಕ್ಕೆ ಮಂಚಿಕೇರಿಯ ಶಾಂತಾರಾಮ ಹೆಗಡೆ. ಕಲ್ಲಯ್ಯ ಬಸ್ ಓಡಿಸಿದ ಕಾಲದಲ್ಲಿ ಅದೇ ಬಸ್ಸಿನಲ್ಲಿ ಟಿಕೆಟ್ ಹರಿದ ಕಂಡಕ್ಟರ್ ಅವನು. ಬಲಕ್ಕೆ ಡಿಪೋದ ಇನ್ನೊಬ್ಬ ಡ್ರೈವರ್. ಹೆಣದ ಭಾರ ಎಂದರೆ ಏನೆಂದು ಹಿಡಿದವರಿಗೇ ಗೊತ್ತು. ಇಬ್ಬರ ತೋಳೂ ಆಗಲೇ ನಡುಗಲು ಶುರುವಾಗಿತ್ತು.

ಕುರ್ಚಿಯಲ್ಲಿ ಕೂರಿಸಿ ಕಟ್ಟಿದರಾಗದೇ ಎಂದು ಯಾರೋ ಕೇಳಿದರು. ವಿಧಿ ಮಾಡಿಸಲು ಮಠದಿಂದ ಬಂದಿದ್ದ ಅಯ್ಯನವರು ಕಾಲು ಇಳಿಬಿಟ್ಟು ಕೂರಿಸುವ ಪದ್ಧತಿ ಇಲ್ಲ ಎಂದರು. ಕಿಟಕಿಯ ಸರಳಿಗೆ ಕಟ್ಟಿ ಎಂದು ಇನ್ನೊಬ್ಬರು. ಮುಖ ಉತ್ತರಕ್ಕೆ ಇರಬೇಕು, ಬೆನ್ನು ದಕ್ಷಿಣದ ಗೋಡೆಗೆ ಬರಬೇಕು, ಆ ಗೋಡೆಗೆ ಕಿಟಕಿಯೂ ಇಲ್ಲ ಕಂಬವೂ ಇಲ್ಲ. ಬಾಗಿಲಿನಿಂದ ಬಾಗಿಲಿಗೆ ಒಂದೇ ಹಾಸು, ನುಣ್ಣನೆಯ ಸುಣ್ಣದ ಗೋಡೆ. ಅದರ ಮೇಲೆ ಕ್ಯಾಲೆಂಡರ್ ಇರಲಿ, ಒಂದು ಗೀರೂ ಇರಲಿಲ್ಲ.

ಇರದಿರಲು ಕಾರಣವಿತ್ತು. ಆ ಮನೆ ಕಲ್ಲಯ್ಯನದಲ್ಲ, ಸರಕಾರದ್ದು. ಯಲ್ಲಾಪುರ ಪೇಟೆ ಮುಗಿದು ಹುಬ್ಬಳ್ಳಿ ರಸ್ತೆ ತಿರುಗುವಲ್ಲಿ ಇರುವ ಅದನ್ನು ಊರವರು ಇವತ್ತಿಗೂ ಮಾಮಲೇದಾರ ಬಂಗಲೆ ಎನ್ನುತ್ತಾರೆ. ಮುಂಬಯಿ ಸರಕಾರದ ಕಾಲದಲ್ಲಿ ತಹಶೀಲ್ದಾರರ ವಾಸಕ್ಕೆಂದು ಕಟ್ಟಿದ್ದು. ಹಾಳುಬಿದ್ದಿದ್ದ ಅದನ್ನು ತನ್ನ ಖರ್ಚಿನಲ್ಲಿ ಮೊದಲಿನಂತೆ ಮಾಡಿಕೊಟ್ಟು, ಅದಕ್ಕೆ ಪ್ರತಿಯಾಗಿ ಸಾಯುವ ತನಕ ಬಾಡಿಗೆ ಇಲ್ಲದೆ ಇರುವುದು ಎಂಬ ಒಪ್ಪಂದದ ಮೇಲೆ ಕಲ್ಲಯ್ಯ ಅಲ್ಲಿದ್ದ. ಸಾಯುವ ತನಕ ಎಂದಿದ್ದ ಆ ಗಡುವು ಈಗ ಮುಗಿದಿತ್ತು. ಹೆಂಡತಿ ಮುಂದುವರಿಯಬಹುದು, ಆದರೆ ಇಲಾಖೆಯ ಇಂಜಿನಿಯರ್ ಬಂದು ನೋಡಿ, ಮನೆ ಚೆನ್ನಾಗಿದೆ, ಇವರೇ ಇರಲಿ ಎಂದು ಬರೆದರೆ ಮಾತ್ರ. ಇಂಜಿನಿಯರ್ ಹೊಸಬರು. ಶಾಂತಾರಾಮ ಬೆಳಿಗ್ಗೆ ಸುದ್ದಿ ತಿಳಿಸಲು ಫೋನು ಮಾಡಿದಾಗ, ಇವತ್ತೇ ಬರುತ್ತೇನೆ ಎಂದಿದ್ದರು. ಇವತ್ತೇ ಯಾಕೆ ಎಂದು ಕೇಳುವ ಧೈರ್ಯ ಅವನಿಗೆ ಆಗಲಿಲ್ಲ.

ನೀಲಗಂಗವ್ವನಿಗೆ ಮಕ್ಕಳಿಲ್ಲ. ಇಲ್ಲಿಂದ ಎಬ್ಬಿಸಿದರೆ ಅವಳು ಹೋಗಬೇಕಾದದ್ದು ದಾಸನಕೊಪ್ಪಕ್ಕೆ, ಮೈದುನನ ಮಗ ಪವನ್‌ನ ಮನೆಗೆ. ಪವನ್ ಒಳ್ಳೆಯವನೇ. ದೊಡ್ಡವ್ವನಿಗೆಂದು ಒಂದು ಕೋಣೆ ಖಾಲಿ ಮಾಡಿಸುವುದಾಗಿ ಬಂದ ಕೂಡಲೇ ಹೇಳಿದ್ದ. ಆದರೆ ಅವಳಿಗೆ ಹೋಗುವ ಮನಸ್ಸಿಲ್ಲ. ಈ ಮನೆಯಲ್ಲೇ ಇರಬೇಕು, ಇಲ್ಲೇ ಸಾಯಬೇಕು ಎಂಬುದು ಅವಳ ಆಸೆ. ಅದನ್ನು ಇವತ್ತು ಯಾರ ಮುಂದೆ ಹೇಳುವುದು?

* * *

ಮದುವೆಯಾಗಿ ಬಂದ ದಿನದಿಂದ ಅವಳು ಬದುಕಿದ್ದೆಲ್ಲ ಬಾಡಿಗೆ ಮನೆಗಳಲ್ಲಿ. ಕಲ್ಲಯ್ಯನ ಡಿಪೋ ಬದಲಾದಂತೆ ಮನೆ ಬದಲಾಯಿತು. ಶಿರಸಿ, ಮುಂಡಗೋಡ, ಹಳಿಯಾಳ, ಕೊನೆಗೆ ಯಲ್ಲಾಪುರ. ಊರು ಬೇರೆ, ಮಾಲೀಕರು ಬೇರೆ, ಉಪದೇಶ ಮಾತ್ರ ಎಲ್ಲ ಕಡೆ ಅದೇ. ನೀರು ಜಾಸ್ತಿ ಸುರಿಯಬೇಡಿ, ನೆಂಟರನ್ನು ಜಾಸ್ತಿ ದಿನ ಇರಿಸಿಕೊಳ್ಳಬೇಡಿ, ಗೋಡೆಗೆ ಮೊಳೆ ಹೊಡೆಯಬೇಡಿ.

ಹೀಗಾಗಿ ಅವರ ಸಂಸಾರದಲ್ಲಿ ಎಲ್ಲ ವಸ್ತುವೂ ಯಾವುದಕ್ಕಾದರೂ ಒರಗಿಕೊಂಡೇ ಇರುತ್ತಿತ್ತು. ಕ್ಯಾಲೆಂಡರ್ ಟ್ರಂಕಿಗೆ ಒರಗಿತ್ತು. ಕನ್ನಡಿ ಕಿಟಕಿಗೆ ಒರಗಿತ್ತು, ಅದರಲ್ಲಿ ಮುಖ ನೋಡಿಕೊಳ್ಳಲು ನೀಲಗಂಗವ್ವ ಮೊಣಕಾಲೂರಬೇಕಿತ್ತು. ಕಲ್ಲಯ್ಯನ ಖಾಕಿ ಅಂಗಿ ಬಾಗಿಲ ಮೇಲೆ ಸವಾರಿ ಮಾಡುತ್ತಿತ್ತು. ಯಲ್ಲಾಪುರದ ಮನೆಯ ಮಾಲಕಿ ದೇವಕ್ಕ ಎಲ್ಲರನ್ನೂ ಮೀರಿಸಿದವಳು. ತಿಂಗಳಿಗೊಮ್ಮೆ ಬಂದು ಗೋಡೆಗಳ ಮೇಲೆ ಅಂಗೈ ಆಡಿಸಿ ನೋಡುತ್ತಿದ್ದಳು. ಅವಳ ಕಣ್ಣು ತಪ್ಪಿಸಿ ಒಂದು ಸೊಳ್ಳೆಯೂ ಗೋಡೆ ಮೇಲೆ ಕೂರುವಂತಿರಲಿಲ್ಲ.

ಒಂದು ಸಲ ದೇವಕ್ಕ ಹೋದ ಮೇಲೆ ನೀಲಗಂಗವ್ವ ಬಾಗಿಲು ಹಾಕಿಕೊಂಡು ಶಪಥ ಮಾಡಿದಳು. ಕಲ್ಲಯ್ಯ ಊಟಕ್ಕೆ ಕೂತಿದ್ದ.

"ನಮ್ಮ ಸ್ವಂತ ಮನಿ ಆದ ದಿನ ಮೊದ್ಲ ಒಂದು ಮೊಳಿ ಹೊಡೀತೇನಿ. ಅದಕ್ಕ ಏನೂ ತೂಗಹಾಕೂದಿಲ್ಲ. ಸುಮ್ನ ಮೊಳಿ. ನೋಡ್ಕೋತ ಕುಂಡರತೇನಿ."

ಕಲ್ಲಯ್ಯ ರೊಟ್ಟಿ ಗಂಟಲಲ್ಲಿ ಸಿಕ್ಕುವಷ್ಟು ನಕ್ಕ. ಆದರೆ ಸ್ವಂತ ಮನೆ ಆಗಲಿಲ್ಲ. ತಮ್ಮನ ಓದು, ತಂಗಿಯ ಮದುವೆ, ಅಪ್ಪನ ಆಸ್ಪತ್ರೆ ಅಂತ ಕೈಗೆ ಬಂದದ್ದು ಕೈಯಲ್ಲಿ ನಿಲ್ಲಲಿಲ್ಲ. ನೀಲಗಂಗವ್ವ ಅದಕ್ಕಾಗಿ ಗಂಡನನ್ನು ಒಂದು ದಿನವೂ ಆಡಿಕೊಳ್ಳಲಿಲ್ಲ. ಮೊಳೆಯ ವಿಷಯ ಮಾತ್ರ ಬಿಡಲಿಲ್ಲ.

ಕಲ್ಲಯ್ಯನದು ಯಲ್ಲಾಪುರದಿಂದ ಹೊರಡುವ ಮೊದಲ ಬಸ್ಸು. ಪೇಟೆ ದಾಟಿ ತಿರುವಿಗೆ ಬಂದಾಗ ದಿನಾ ಬಸ್ಸಿನ ಬೆಳಕು ಆ ಹಾಳು ಬಂಗಲೆಯ ಮುಖಕ್ಕೆ ಬೀಳುತ್ತಿತ್ತು. ಇವತ್ತು ಒಂದು ಹೆಂಚು ಹೋಯಿತು, ಗೋಡೆಯ ಬಿರುಕಿನಲ್ಲಿ ಅತ್ತಿ ಗಿಡ ಎದ್ದಿದೆ, ಯಾರೋ ಬಾಗಿಲು ಕಿತ್ತುಕೊಂಡು ಹೋದರು ಎಂದು ಅವನು ಶಾಂತಾರಾಮನಿಗೆ ವರದಿ ಒಪ್ಪಿಸುತ್ತಿದ್ದ. ಶಾಂತಾರಾಮ ಚಿಲ್ಲರೆ ಎಣಿಸುತ್ತ ಹೂಂಗುಟ್ಟುತ್ತಿದ್ದ. ಊರಿನವರೆಲ್ಲ ದಿನಾ ನೋಡುತ್ತಿದ್ದ ಮನೆಯೇ ಅದು. ಆದರೆ ಅದು ಬೀಳುತ್ತಿದೆ ಎಂದು ಸಂಕಟ ಪಟ್ಟವನು ಕಲ್ಲಯ್ಯ ಒಬ್ಬನೇ.

ನಿವೃತ್ತನಾದ ವರ್ಷವೇ ಹಳೆಯ ಸರಕಾರಿ ಮನೆಗಳನ್ನು ದುರಸ್ತಿ ಮಾಡಿ ವಾಸಿಸುವವರಿಗೆ ಕೊಡುವ ಯೋಜನೆ ಪೇಪರಿನಲ್ಲಿ ಬಂತು. ಅರ್ಜಿ ಹಾಕಿದವನೂ ಅವನೊಬ್ಬನೇ. ಬಾಡಿಗೆ ಇಲ್ಲ, ಮಾಲೀಕರ ಕಾಟ ಇಲ್ಲ ಎಂದು ಹೆಂಡತಿಯನ್ನು ಒಪ್ಪಿಸಿದ. ಅವಳು ಪೇಟೆಗೆ ಹೋಗಿ ಉದ್ದದ ಒಂದು ಮೊಳೆಯನ್ನೇ ತಂದಿಟ್ಟುಕೊಂಡಳು. ಸಹಿ ಹಾಕುವ ದಿನ ಕಚೇರಿಯಲ್ಲಿ ಗುಮಾಸ್ತ ಷರತ್ತುಗಳನ್ನು ಓದಿ ಹೇಳಿದ. ಬಣ್ಣ ಬಳಿಯಕೂಡದು, ಸುಣ್ಣವೇ ಹಚ್ಚಬೇಕು. ಹೆಂಚು ಬದಲಿಸಿ ತಗಡು ಹಾಕಕೂಡದು. ಮೂಲ ಗೋಡೆಗಳಿಗೆ ಮೊಳೆ ಹೊಡೆಯಕೂಡದು.

ನೀಲಗಂಗವ್ವ ಗಂಡನ ಮುಖ ನೋಡಿದಳು. ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಹೊರಗೆ ಬಂದ ಮೇಲೆ, ದೇವಕ್ಕ ಹೋಗಿ ಸರಕಾರ ಬಂತು, ಅಷ್ಟೇ ಫರಕು ಎಂದಳು.

* * *

ಅಂಗಳದಲ್ಲಿ ಬಿದಿರು ಸೀಳಿ, ಕಲ್ಲಯ್ಯನನ್ನು ಕೂರಿಸಿ ಒಯ್ಯುವ ವಿಮಾನ ಕಟ್ಟುವ ಕೆಲಸ ನಡೆದಿತ್ತು. ಒಳಗೆ ಪವನ್ ಇನ್ನೂ ಮೊಳೆ ಹಿಡಿದುಕೊಂಡೇ ನಿಂತಿದ್ದ. ಅವನಿಗೆ ದುಃಖವೂ ಸಿಟ್ಟೂ ಒಟ್ಟಿಗೆ ಬಂದಿತ್ತು. ಹೇಗಿದ್ದರೂ ಬಿಟ್ಟುಹೋಗುವ ಮನೆ, ಒಂದು ಮೊಳೆಗೆ ಇಷ್ಟು ಯೋಚನೆಯೇ ಎಂದು ಅವನು ಮೊದಲು ಮೆಲ್ಲಗೆ ಹೇಳಿದ. ದೊಡ್ಡವ್ವ ಬೇಡವೆಂದು ತಲೆ ಅಲ್ಲಾಡಿಸಿದಾಗ ದನಿ ಒಡೆಯಿತು.

"ನಮ್ಮ ಮನ್ಯಾಗ ಅಜ್ಜನ ಮೊಳಿ ಐತಿ, ಅಪ್ಪನ ಮೊಳಿ ಐತಿ. ದಿನಾ ಮುಂಜಾನೆ ಅದಕ್ಕ ಕೈ ಮುಗೀತೇವಿ. ದೊಡ್ಡಪ್ಪ ಅವತ್ತು ತನ್ನ ಕೈಲೆ ಹೊಡದಿದ್ದ ಅಪ್ಪನ ಮೊಳಿ. ಅವಂಗ ಒಂದಾದ್ರೂ ಬ್ಯಾಡೇನು ದೊಡ್ಡವ್ವಾ? ಅವಂದು ಅಂತ ಯಾವ ಗ್ವಾಡ್ಯಾಗ ಏನ ಉಳೀತು?"

ಆ ಮಾತಿಗೆ ಕೋಣೆಯಲ್ಲಿದ್ದವರ ಕಣ್ಣು ತುಂಬಿತು. ನೀಲಗಂಗವ್ವನ ಅಕ್ಕ ಗಿರಿಜವ್ವ ತಂಗಿಯ ಕೈ ಹಿಡಿದುಕೊಂಡು, ಹುಡುಗ ಹೇಳುವುದರಲ್ಲಿ ತಪ್ಪೇನಿದೆ ಎಂದಳು. ಅಯ್ಯನವರೂ ಬಿಸಿಲು ಏರುತ್ತಿದೆ, ಬೇಗ ಒಂದು ತೀರ್ಮಾನ ಮಾಡಿ ಎಂದು ನೆನಪಿಸಿದರು. ಶಾಂತಾರಾಮ ಗೆಳೆಯನ ತಲೆ ತನ್ನ ಹೆಗಲಿಗೆ ಜಾರುತ್ತಿದ್ದುದನ್ನು ಗದ್ದಕ್ಕೆ ಕೈ ಕೊಟ್ಟು ನೆಟ್ಟಗೆ ಮಾಡಿದ.

ಆಗಲೇ ಹೊರಗೆ ಜೀಪು ಬಂದು ನಿಂತ ಸದ್ದಾಯಿತು. ಇಂಜಿನಿಯರ್ ಬಂದರು ಎಂದು ಅಂಗಳದವರು ದಾರಿ ಬಿಟ್ಟರು. ಇಳಿದವಳು ಇನ್ನೂ ಮೂವತ್ತು ದಾಟದ ಹೆಣ್ಣುಮಗಳು. ಹೆಸರು ಶಾಂಭವಿ, ಸಿದ್ದಾಪುರದ ದೊಡ್ಮನೆ ಕಡೆಯವಳು. ಯಲ್ಲಾಪುರಕ್ಕೆ ಬಂದು ಹೆಚ್ಚು ದಿನವಾಗಿರಲಿಲ್ಲ, ಈ ಮನೆಯನ್ನು ಅವಳು ಕಾಗದದಲ್ಲಿ ಮಾತ್ರ ಕಂಡಿದ್ದಳು.

ಅವಳು ನೇರ ಒಳಗೆ ಬರಲಿಲ್ಲ. ಜಗಲಿಯಲ್ಲಿ ನಿಂತು ಮೇಲೆ ತೊಲೆಗಳನ್ನು ನೋಡಿದಳು. ಕಂಬದ ಬುಡಕ್ಕೆ ಬಾಗಿ ಬೆರಳಿನಿಂದ ತಟ್ಟಿದಳು. ಹೊರಗೋಡೆಯ ಗುಂಟ ಹಿತ್ತಲ ತನಕ ಹೋಗಿ ಬಂದಳು. ಸಾವಿನ ಮನೆಗೆ ಬಂದು ಗೋಡೆ ತಟ್ಟುವವಳನ್ನು ಕಂಡು ಜನರ ಪಿತ್ತ ನೆತ್ತಿಗೇರಿತು. ಮಣ್ಣು ಆಗುವ ತನಕವಾದರೂ ತಡೆಯಬಾರದೇ, ಬೀಗ ಹಾಕಲು ಅಷ್ಟು ಅವಸರವೇ ಎಂದು ವಿಮಾನ ಕಟ್ಟುತ್ತಿದ್ದವರು ಗೊಣಗಿದರು. ಆ ಮಾತು ಅವಳಿಗೆ ಕೇಳಿಸಿರಲೇಬೇಕು.

* * *

ಈ ಮನೆಯಲ್ಲಿ ಕಲ್ಲಯ್ಯ ಮಾಡಿದ ಮೊದಲ ಕೆಲಸವೇ ಎಡವಟ್ಟು. ಉಳಿತಾಯದ ಹಣ ಸುರಿದು, ಉದುರುತ್ತಿದ್ದ ಗೋಡೆಗಳಿಗೆಲ್ಲ ಗಟ್ಟಿಯಾಗಲಿ ಎಂದು ಸಿಮೆಂಟು ಗಿಲಾಯಿ ಮಾಡಿಸಿಬಿಟ್ಟ. ಎಂಥ ಮಟ್ಟಸ, ಎಂಥ ನುಣುಪು! ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಮಳೆಗಾಲ ಬಂತು. ಚಿರೆಕಲ್ಲು ಕುಡಿದ ನೀರು ಹೊರಗೆ ಬರಲು ದಾರಿಯಿಲ್ಲದೆ ಗೋಡೆಗಳು ಒಳಗೊಳಗೇ ಬೆವರಿದವು. ಸಿಮೆಂಟು ಹಪ್ಪಳದ ಹಾಗೆ ಉಬ್ಬಿ ನಿಂತಿತು. ತಟ್ಟಿದರೆ ಡೊಳ್ಳಿನ ಸದ್ದು.

ಕಲ್ಲಯ್ಯ ತಲೆ ಮೇಲೆ ಕೈ ಹೊತ್ತು ಕೂತದ್ದು ಒಂದೇ ದಿನ. ಮರುದಿನ ಉಳಿ ಹಿಡಿದ. ಹಾಕಿಸಿದ್ದನ್ನೆಲ್ಲ ತಾನೇ ಕೆತ್ತಿ ತೆಗೆದ. ಕೈ ಬೊಬ್ಬೆ ಎದ್ದು ಒಡೆದರೂ ಬಿಡಲಿಲ್ಲ. ಬೇಸಿಗೆಯಿಡೀ ಅದೇ ಕೆಲಸ. ಹಳೆಯ ಮನೆ ಇದ್ದ ಊರುಗಳಿಗೆಲ್ಲ ಹೋಗಿ ಸುಣ್ಣದ ಗಾರೆ ಕಲಸುವುದು ಹೇಗೆಂದು ಕೇಳಿಕೊಂಡು ಬಂದ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಒಪ್ಪಿಗೆಯಾಗುತ್ತಿರಲಿಲ್ಲ. ಎಲ್ಲರದ್ದನ್ನೂ ಹಿತ್ತಲ ಗೋಡೆಯ ಮೇಲೆ ಒಂದೊಂದು ಮೊಳದಷ್ಟು ಹಚ್ಚಿ, ಒಂದು ಮಳೆಗಾಲ ಕಾದು, ನಿಂತದ್ದು ಯಾವುದೋ ಅದನ್ನು ಇಟ್ಟುಕೊಂಡ. ಹಿತ್ತಲಲ್ಲಿ ಹೊಂಡ ತೋಡಿ ಸುಣ್ಣ ನೆನೆಹಾಕಿದ. ಬೆಲ್ಲದ ನೀರು ಸೇರಿಸಿ ಕಾಲಲ್ಲಿ ತುಳಿದ. ಊರವರು ಡ್ರೈವರಿಗೆ ತಲೆ ಕೆಟ್ಟಿದೆ ಎಂದರು. ಇರಬಹುದು. ಆದರೆ ಹಾಗೆ ತಲೆ ಕೆಡಿಸಿಕೊಳ್ಳುವವರು ಊರಿಗೆ ಇನ್ನೊಬ್ಬರು ಸಿಗಲಿಲ್ಲ ಎನ್ನುವುದೂ ನಿಜ.

ಬಾವಲಿ ವಾಸನೆ ಹೋಗಿ, ಹೆಂಚು ಕೂತು, ಗೋಡೆ ಬೆಳ್ಳಗಾದ ಮೇಲೂ ಅವನು ಜಗಲಿಗೆ ಬಾಗಿಲು ಇಡಿಸಲಿಲ್ಲ. ಕೆಟ್ಟು ನಿಂತ ಲಾರಿಯವರು ಅಲ್ಲಿ ಮಲಗುತ್ತಿದ್ದರು. ಬಸ್ ತಪ್ಪಿಸಿಕೊಂಡವರು ಕೂರುತ್ತಿದ್ದರು. ಕಂಡ ಕಂಡವರಿಗೆಲ್ಲ ನೀರು ಕೊಡುವುದು ತನ್ನ ಕೆಲಸವಾಯಿತೆಂದು ನೀಲಗಂಗವ್ವ ಗೊಣಗಿದರೆ, ಸರಕಾರದ್ದು ಎಂದರೆ ಅವರದ್ದೂ ಆಯಿತಲ್ಲ ಎನ್ನುತ್ತಿದ್ದ.

ಒಮ್ಮೆ ಅವನು ಹೆಂಚು ತರಲು ಹುಬ್ಬಳ್ಳಿಗೆ ಹೋಗಿದ್ದಾಗ ನೀಲಗಂಗವ್ವ ಬಾಗಿಲು ಹಾಕಿಕೊಂಡು, ತಂದಿಟ್ಟಿದ್ದ ಮೊಳೆಯನ್ನು ಹೊಡೆದೇಬಿಟ್ಟಳು. ಎರಡೇ ಏಟಿಗೆ ಅಂಗೈ ಅಗಲದ ಗಾರೆ ಕಳಚಿ ಕೆಳಗೆ ಬಿತ್ತು. ಕಲ್ಲಯ್ಯ ಬಂದ, ನೋಡಿದ, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಅವಳೂ ನಾಲ್ಕು ಮಾತು ಹಿಂದಿರುಗಿಸುತ್ತಿದ್ದಳು. ಅವನು ಗಾರೆ ಕಲಸಿ ಮೆತ್ತಿ, ಜ್ವರ ಬಂದ ಮಗುವಿನ ಹಣೆಗೆ ಹಾಕುವಂತೆ ದಿನಕ್ಕೆರಡು ಸಲ ಒದ್ದೆ ಬಟ್ಟೆ ಹಾಕತೊಡಗಿದ. ಅದನ್ನು ನೋಡಿ ನೋಡಿ ಅವಳು ಒಂದು ಬೆಳಿಗ್ಗೆ ಅವನು ಏಳುವ ಮೊದಲೇ ತಾನೇ ಬಟ್ಟೆ ಒದ್ದೆ ಮಾಡಿ ಹಾಕಿದಳು.

"ನಮ್ದಲ್ಲ ನೀಲಾ ಇದು," ಎಂದ ಕಲ್ಲಯ್ಯ, ಅವಳ ಹಿಂದೆ ಬಂದು ನಿಂತು. "ಅದಕ್ಕ ಚಂದ ಇಟ್ಕೋಬೇಕು."

ಅಲ್ಲಿಂದ ಮುಂದೆ ಅವಳೂ ಕಚ್ಚೆ ಕಟ್ಟಿ ಸುಣ್ಣ ತುಳಿದಳು. ಮನೆ ಮೇಲೆ ಅವಳಿಗೂ ಪ್ರೀತಿ ಬಂತು. ಹಾಗಂತ ಸೋಲು ಒಪ್ಪಿಕೊಂಡಳೆಂದಲ್ಲ. ಪ್ರತಿ ಯುಗಾದಿಗೂ, ಈ ವರ್ಷವಾದರೂ ಒಂದು ಮೊಳೆ ಹೊಡೆಯಲೇ ಎಂದು ಕೆಣಕುತ್ತಿದ್ದಳು. ನಾ ಸತ್ತ ಮ್ಯಾಲ ಹೊಡಿ ಎಂದು ಅವನು ನಗುತ್ತಿದ್ದ. ಮನೆಗೆ ಬಂದುಹೋಗುವವರಿಗೆಲ್ಲ ಈ ಜಗಳ ಬಾಯಿಪಾಠವಾಗಿತ್ತು.

* * *

ಶಾಂಭವಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಕಲ್ಲಯ್ಯನ ಪಾದಕ್ಕೆ ಹೂವು ಹಾಕಿ ಕೈಮುಗಿದಳು. ಆಮೇಲೆ ಅವಳ ಕಣ್ಣು ಅವನ ಹಿಂದಿನ ಗೋಡೆಯ ಮೇಲೆ ಹೋಯಿತು, ಅಲ್ಲಿಂದ ಪವನ್‌ನ ಕೈಗೆ. ಪವನ್ ಮೊಳೆಯನ್ನು ಮುಚ್ಚಿಡಲು ಹೋಗಲಿಲ್ಲ. ಮೊಳೆ ಯಾಕೆ ಬೇಕಾಗಿದೆ, ದೊಡ್ಡವ್ವ ಯಾಕೆ ಬೇಡ ಅನ್ನುತ್ತಿದ್ದಾಳೆ ಎಂಬುದನ್ನು ನೆಟ್ಟಗೆ ಹೇಳಿದ. ನಿಮ್ಮ ಷರತ್ತು ಸತ್ತವರಿಗೂ ಲಾಗೂ ಆಗುತ್ತದೆಯೇ ಎಂದು ಕೇಳಿದ.

ಅವಳ ಮುಖ ಕೆಂಪಾಯಿತು. ಮನೆ ಉಳಿಸಿದವನ ಮುಖ ನೋಡಲೆಂದೇ ಇವತ್ತು ಬಂದ ತಾನು ಎಂಥ ಹೊತ್ತಿನಲ್ಲಿ ಗೋಡೆ ತಟ್ಟಿಕೊಂಡು ಓಡಾಡಿದೆ ಎಂಬುದು ಆಗಷ್ಟೇ ಅವಳಿಗೆ ಅರಿವಾದಂತಿತ್ತು.

"ಒಂದು ಮೊಳೆ ತಾನೇ, ಹೊಡೀರಿ," ಎಂದಳು. "ಅದನ್ನ ನಾನು ಎಲ್ಲೂ ಬರೆಯೋದಿಲ್ಲ. ಅದ್ರಿಂದ ಇವರಿಗೆ ತೊಂದರೆ ಆಗೋದೂ ಇಲ್ಲ."

ಕೋಣೆಗೆ ಉಸಿರು ಬಂತು. ಅಯ್ಯನವರು ಬಿಳಿ ಬಟ್ಟೆ ಬಿಡಿಸಿದರು. ಸತ್ತ ಮೇಲೆ ಹೊಡಿ ಎಂದು ಕಲ್ಲಯ್ಯನೇ ಹೇಳಿದ್ದನಲ್ಲ, ಇನ್ನೇನು ಅಡ್ಡಿ ಎಂದು ಗಿರಿಜವ್ವ ತಂಗಿಯ ಬೆನ್ನು ಸವರಿದಳು. ಪವನ್ ಮೊಳೆಯನ್ನೂ ಸುತ್ತಿಗೆಯನ್ನೂ ನೀಲಗಂಗವ್ವನ ಮುಂದೆ ಹಿಡಿದ. ನೀನೇ ಹೊಡಿ ದೊಡ್ಡವ್ವ, ನಿನ್ನ ಆಸೆಯೂ ತೀರಲಿ ಎಂದ. ಅವನ ದನಿಯಲ್ಲಿ ಚುಚ್ಚು ಇರಲಿಲ್ಲ, ಬರೀ ಪ್ರೀತಿ ಇತ್ತು.

ನೀಲಗಂಗವ್ವ ಎದ್ದಳು. ಸುತ್ತಿಗೆಯನ್ನು ಕೈಗೆ ತೆಗೆದುಕೊಂಡಳು ಕೂಡ. ಗೋಡೆಯ ಹತ್ತಿರ ಹೋಗಿ, ಗಂಡನ ತಲೆಯ ಮೇಲ್ಗಡೆ ಬರಿಗೈ ಇಟ್ಟು ನಿಂತಳು. ಅದು ಅವಳು ತುಳಿದ ಸುಣ್ಣ, ಅವನು ಮೆತ್ತಿದ ಗೋಡೆ. ಈಗ ಸರಕಾರ ಹೊಡಿ ಅನ್ನುತ್ತಿದೆ, ನೆಂಟರು ಹೊಡಿ ಅನ್ನುತ್ತಿದ್ದಾರೆ, ಹೋದವನೂ ಹೊಡಿ ಎಂದೇ ಹೋಗಿದ್ದಾನೆ. ಜೀವಮಾನದಲ್ಲಿ ಮೊದಲ ಸಲ ಅವಳನ್ನು ಬೇಡ ಅನ್ನುವವರು ಯಾರೂ ಇರಲಿಲ್ಲ.

ಅವಳು ಸುತ್ತಿಗೆಯನ್ನು ನೆಲಕ್ಕಿಟ್ಟಳು.

"ಸತ್ತ ಮ್ಯಾಲ ಹೊಡಿ ಅಂದಿದ್ರು, ಖರೇ ಐತಿ. ಆದ್ರ ಎದುರ ಮಾತಾಡಾಕ ಬರದವ್ರ ಮುಂದ ಗೆದ್ರ ಅದೆಂಥಾ ಗೆಲುವು? ಸರೀರಿ, ನಾ ಹಿಡಕೋತೇನಿ."

ಅವಳು ಗಂಡನ ಹಿಂದೆ ನುಸುಳಿ, ಬೆನ್ನನ್ನು ಗೋಡೆಗೆ ಕೊಟ್ಟು ಕೂತಳು. ಎರಡೂ ಕೈಗಳನ್ನು ಅವನ ಕಂಕುಳ ಕೆಳಗಿಂದ ತಂದು ಎದೆಯ ಮೇಲೆ ಬೆರಳಿಗೆ ಬೆರಳು ಹೆಣೆದಳು. ಅವನ ತಲೆ ಅವಳ ಹೆಗಲಿಗೆ ಬಂತು. ಪದ್ಧತಿಯಲ್ಲಿ ಹೀಗೆ ಉಂಟೇ ಎಂದು ಯಾರೋ ಅಯ್ಯನವರನ್ನು ಕೇಳಿದರು. ಅಯ್ಯನವರು ಬಿಚ್ಚಿದ ಬಟ್ಟೆಯನ್ನು ಸಾವಕಾಶವಾಗಿ ಮಡಚಿದರು. ಮನುಷ್ಯ ನೆಟ್ಟಗೆ ಕೂತರಾಯಿತು, ಏನು ಆಸರೆ ಕೊಡಬೇಕೆಂದು ಎಲ್ಲೂ ಹೇಳಿಲ್ಲ ಎಂದು ವಿಭೂತಿ ಕೈಗೆತ್ತಿಕೊಂಡರು.

ಪವನ್ ಮೊಳೆಯನ್ನು ಜೇಬಿಗೆ ಹಾಕಿಕೊಂಡು ಬಲಗಡೆಯ ಡ್ರೈವರನ್ನು ಎಬ್ಬಿಸಿ ತಾನು ಕೂತು, ದೊಡ್ಡಪ್ಪನ ತೋಳಿಗೆ ತೋಳು ಕೊಟ್ಟ. ಅಳು ತಡೆಯಲು ಅವನು ಪ್ರಯತ್ನ ಮಾಡಲಿಲ್ಲ.

ಜನ ಬರತೊಡಗಿದರು. ಡಿಪೋದವರು, ಪೇಟೆಯವರು, ಎಂದೋ ಜಗಲಿಯಲ್ಲಿ ಮಲಗೆದ್ದು ಹೋಗಿದ್ದ ಲಾರಿಯವರು ಸಹ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಬಂದರು. ಎಡಗಡೆ ಶಾಂತಾರಾಮನ ಕೈ ಪೂರ್ತಿ ಸೋತಿತ್ತು. ಎದುರಿಗೆ ಗೋಡೆಗಂಟಿ ನಿಂತಿದ್ದ ಶಾಂಭವಿಯನ್ನು ಅವನು ಕಣ್ಣಲ್ಲೇ ಕರೆದ. ತಮ್ಮ ಕಡೆಯ ಹುಡುಗಿ ಎಂದು ಗೊತ್ತಾದ್ದರಿಂದ ಮನೆಮಾತಿನಲ್ಲೇ ಕೇಳಿದ.

"ತಂಗೀ, ಒಂಚೂರು ಹಿಡ್ಕತ್ಯನೇ? ಎನ್ನ ಕೈ ಜೋಮು ಹಿಡದೋಜು."

ಅವಳು ಒಂದು ಗಳಿಗೆ ಅನುಮಾನಿಸಿದಳು. ಹೆಣ ಮುಟ್ಟಿ ಗೊತ್ತಿಲ್ಲದವಳು, ಅದೂ ಬೇರೆಯವರ ಮನೆಯಲ್ಲಿ. ಆದರೂ ದುಪಟ್ಟಾವನ್ನು ಸೊಂಟಕ್ಕೆ ಬಿಗಿದುಕೊಂಡು ನೆಲಕ್ಕೆ ಕೂತಳು. ಶಾಂತಾರಾಮ ಅವಳ ಕೈಯನ್ನು ಹಿಡಿದು ಎಲ್ಲಿ ಇಡಬೇಕೋ ಅಲ್ಲಿ ಇಡಿಸಿ ಎದ್ದ. ಈಗ ನೀಲಗಂಗವ್ವನ ಮುಖ ಅವಳಿಗೆ ತೀರಾ ಹತ್ತಿರವಿತ್ತು. ಗಂಡನ ಹೆಗಲ ಮೇಲಿಂದ ನೀಲಗಂಗವ್ವ ಮೆಲ್ಲಗೆ ಕೇಳಿದಳು.

"ನಾ ಯಾವಾಗ ಖಾಲಿ ಮಾಡ್ಬೇಕ್ರಿ ಬಾಯಾರ?"

ಪವನ್ ಕಿವಿ ನೆಟ್ಟಗೆ ಮಾಡಿದ. ಶಾಂಭವಿಯ ಕಣ್ಣು ಗೋಡೆಯ ಮೇಲಿತ್ತು.

"ಈ ವರ್ಷದ ಸುಣ್ಣ ಆಯ್ತಾ ಅಮ್ಮ?"

"ಇಲ್ರಿ. ನೆನಿ ಹಾಕಿಟ್ಟಾರ. ಯುಗಾದಿ ಮುಂದ ಹಚ್ಚಬೇಕಿತ್ತು."

"ಹಾಗಾದ್ರೆ ಹಚ್ಚಿ."

"ಯಾರ್ ಹಚ್ಚಬೇಕ್ರಿ?"

"ಮನೇಲಿ ಇರೋರು. ನೀವು," ಎಂದಳು ಶಾಂಭವಿ. "ನೋಡಿ ಬರೆಯೋಳು ನಾನೇ ಅಲ್ವಾ. ಹಾಗೇ ಬರೀತೇನೆ."

ನೀಲಗಂಗವ್ವ ಗಂಡನ ಕಿವಿಯ ಹತ್ತಿರ ಮುಖ ತಂದು ಏನೋ ಹೇಳಿದಳು. ಏನೆಂದು ಪವನ್‌ಗೂ ಕೇಳಿಸಲಿಲ್ಲ, ಶಾಂಭವಿಗೂ ಕೇಳಿಸಲಿಲ್ಲ. ಬೆಳಗಿನಿಂದ ಒಣಗಿದ್ದ ಅವಳ ಕಣ್ಣಿನಿಂದ ನೀರು ಧಾರೆಯಾಗಿ ಇಳಿದು ಕಲ್ಲಯ್ಯನ ಹೆಗಲಿನ ವಿಭೂತಿಯನ್ನು ತೋಯಿಸಿತು. ಒರೆಸಿಕೊಳ್ಳಲು ಅವಳು ಕೈ ಬಿಡಲಿಲ್ಲ.

ಇಳಿಹೊತ್ತಿಗೆ ವಿಮಾನ ಸಿದ್ಧವಾಯಿತು. ನಾಲ್ಕು ಜನ ಕಲ್ಲಯ್ಯನನ್ನು ಕೂತಂತೆಯೇ ಎತ್ತಿ ಹೊರಗೆ ತಂದು ಹೂವಿನ ನಡುವೆ ಕೂರಿಸಿದರು. ಭಜನೆಯವರು ತಾಳ ಹಿಡಿದು ಮುಂದಾದರು. ಜೋಮು ಹಿಡಿದ ಕಾಲನ್ನು ಸರಿಮಾಡಿಕೊಂಡು ನೀಲಗಂಗವ್ವ ಗೋಡೆಯ ಬುಡದಿಂದ ಕೊನೆಗೆ ಎದ್ದಳು. ಯಾರ ಆಸರೆಯೂ ಬೇಡವೆಂದು ಒಬ್ಬಳೇ ಹೊಸ್ತಿಲು ದಾಟಿ, ಅಂಗಳ ದಾಟಿ, ವಿಮಾನದ ಹಿಂದೆ ರಸ್ತೆಗಿಳಿದಳು.

ಹಿಂದಿನಿಂದ ಬರುತ್ತಿದ್ದ ಗಿರಿಜವ್ವ ಆಗಲೇ ನೋಡಿದ್ದು. ತಂಗಿಯ ಕಪ್ಪು ಇಳಕಲ್ ಸೀರೆಯ ಬೆನ್ನ ತುಂಬ, ಹೆಗಲಿನಿಂದ ಸೊಂಟದ ತನಕ, ಗೋಡೆಯ ಸುಣ್ಣ ಬೆಳ್ಳಗೆ ಅಂಟಿತ್ತು. ಕೊಡವಿಬಿಡಲು ಅವಳು ಕೈ ಚಾಚಿದಳು. ಏನನ್ನಿಸಿತೋ, ಕೈ ಹಿಂದಕ್ಕೆ ತೆಗೆದುಕೊಂಡಳು. ಎರಡೂ ಕಡೆ ಲಾರಿಗಳು ನಿಂತು ದಾರಿ ಬಿಟ್ಟಿದ್ದವು. ಅವುಗಳ ನಡುವೆ ನೀಲಗಂಗವ್ವ ಆ ಬಿಳಿಯನ್ನು ಬೆನ್ನಿಗೆ ಹೊತ್ತುಕೊಂಡೇ ಗಂಡನ ಹಿಂದೆ ನಡೆದಳು.